ಪುಟ್ಟಿಯ ಬಾಳೆಹಣ್ಣಿನ ಕೇಕಿಗೆ ದೊಡ್ಡಮ್ಮನ ಉತ್ತರ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ ಮಗಾ. ಬೆಳಿಗ್ಗೆಯಿಂದ ಇಲ್ಲಿ ಕಾಸರಗೋಡಿನ ಪೆರ್ಲದಲ್ಲಿ ಕರೆಂಟ್ ಇರಲಿಲ್ಲ, ಗಾಳಿಮಳೆ. ಫೋನಿನ ಚಾರ್ಜ್ ಮುಗಿದು ಹೋಗಿತ್ತು. ಟೈಪ್ ಮಾಡುವುದಕ್ಕೆ ನನ್ನ ಬೆರಳಿಗೆ ಆಗುವುದಿಲ್ಲ, ನಾನು ಮಾತಾಡುತ್ತೇನೆ, ಫೋನೇ ಬರೆದುಕೊಳ್ಳುತ್ತದೆ. ಉದ್ದ ಆದರೂ ಪೂರ್ತಿ ಓದು.

ಗ್ರೂಪಿನಲ್ಲಿ ಮೇಲಿನದ್ದು ನೋಡದವರಿಗೆ ಹೇಳುತ್ತೇನೆ. ಪುಟ್ಟಿ ಪುಣೆಯಿಂದ ಕೇಳಿದ್ದಾಳೆ. ಮಗಳಿಗೆ ಸಂಜೆ ತಿನ್ನಲು ಒಂದು ಕಪ್ಪಿನಲ್ಲಿ, ಮೈಕ್ರೋವೇವಿನಲ್ಲಿ ಬಾಳೆಹಣ್ಣಿನ ಕೇಕ್ ಮಾಡುತ್ತಾಳೆ. ಒಂದೂವರೆ ನಿಮಿಷ ಇಟ್ಟರೆ ಮೇಲೆ ಹಸಿ ಹಸಿ ಕಾಣುತ್ತದೆ. ಮೂರು ನಿಮಿಷ ಇಟ್ಟರೆ ರಬ್ಬರ್. ಹಸಿ ಹಿಟ್ಟು ಹೊಟ್ಟೆಗೆ ಹೋದರೆ ಮಗುವಿಗೆ ಏನಾದರೂ ಆಗುತ್ತಾ ದೊಡ್ಡಮ್ಮಾ ಅಂತ ಹೆದರಿದ್ದಾಳೆ. ಕೆಳಗಿನ ಮನೆ ಅತ್ತಿಗೆ ಅದಕ್ಕೆ "ಸುಮ್ನೆ ಬನ್ಸ್ ಮಾಡಿಕೊಡು" ಅಂತ ಬರೆದಿದ್ದಾಳೆ. ಬನ್ಸಿಗೆ ರಾತ್ರಿಯೇ ಹಿಟ್ಟು ಕಲಸಿ ಇಡಬೇಕು ಅತ್ತಿಗೇ. ಅವಳು ಆಫೀಸಿನಿಂದ ಬರುವುದು ಆರೂವರೆಗೆ.

ಪುಟ್ಟೀ, ಮೊದಲು ನನ್ನದೊಂದು ಮಾತು ಕೇಳು. ಕಪ್ ಹೊರಗೆ ತೆಗೆದ ಕೂಡಲೇ ಮಗುವಿನ ಬಾಯಿಗೆ ಇಡಬೇಡ. ನೀನೂ ತಿನ್ನಬೇಡ.

ಯಾಕೆ ಅಂತ ಹೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಸಣ್ಣವ ರಜೆಯಲ್ಲಿ ಇಲ್ಲಿಗೆ ಬಂದಿದ್ದನಲ್ಲ, ಬೆಂಗಳೂರಿನ ಮಗಳ ಮಗ, ಆಗ ಅವನಿಗೆ ನಾಲ್ಕು ವರ್ಷ. ತೋಟದಿಂದ ಮೈಸೂರು ಬಾಳೆಯ ಗೊನೆ ಕಡಿದು ಉಗ್ರಾಣದಲ್ಲಿ ನೇತು ಹಾಕಿದ್ದೆವು. ಗೊನೆಯ ವಿಷಯ ನಿಮಗೆ ಗೊತ್ತಲ್ಲ, ಒಂದು ವಾರ ಒಂದೂ ಹಣ್ಣಾಗುವುದಿಲ್ಲ, ಆಮೇಲೆ ಎರಡು ದಿನದಲ್ಲಿ ಎಲ್ಲವೂ ಹಣ್ಣು. ಹಲ್ವ ಮಾಡಿದೆ, ಮುಳ್ಕ ಮಾಡಿದೆ, ಅಕ್ಕಪಕ್ಕ ಕೊಟ್ಟೆ. ಆದರೂ ಉಳಿಯಿತು. ಆಗ ಮಗಳು ಫೋನಿನಲ್ಲಿ ಹೇಳಿದಳು, ಅಮ್ಮಾ, ಕಪ್ಪಿನಲ್ಲಿ ಕೇಕ್ ಮಾಡಿಕೊಡು, ಎರಡು ನಿಮಿಷದ ಕೆಲಸ. ಮಗ ಗೃಹಪ್ರವೇಶಕ್ಕೆ ತಂದುಕೊಟ್ಟ ಮೈಕ್ರೋವೇವ್ ಅಲ್ಲಿಯವರೆಗೆ ಅನ್ನ ಬಿಸಿ ಮಾಡುವುದಕ್ಕೆ ಮಾತ್ರ.

ಸಂಜೆ ಐದು ಗಂಟೆ. ಜೋರು ಮಳೆ. ಸಣ್ಣವ ಅಡುಗೆಮನೆಯ ಮಣೆ ಎಳೆದು ತಂದು ಅದರ ಮೇಲೆ ನಿಂತು ಕಪ್ ತಿರುಗುವುದನ್ನು ಗಾಜಿನಿಂದ ನೋಡುತ್ತಾ ಇದ್ದ. ಹಿಟ್ಟು ಉಬ್ಬಿ ಮೇಲೆ ಬಂದಾಗ ಚಪ್ಪಾಳೆ ತಟ್ಟಿದ. ನಾನು ಬೆಲ್ಲ ಹಾಕಿದ್ದೆ. ಪುಡಿ ಮಾಡಿರಲಿಲ್ಲ. ಅಚ್ಚು ಬೆಲ್ಲವನ್ನು ಕತ್ತಿಯಲ್ಲಿ ಸಣ್ಣ ಸಣ್ಣ ತುಂಡು ಮಾಡಿ ಹಾಕಿದ್ದೆ, ಕರಗುತ್ತದೆ ಅಂತ.

ತೆಗೆದೆ. ಕಪ್ಪಿನ ಹಿಡಿ ತಣ್ಣಗೆ ಇತ್ತು. ಮೇಲೆ ಬೆರಳು ಇಟ್ಟು ನೋಡಿದೆ, ಉಗುರು ಬೆಚ್ಚಗೆ, ಸ್ವಲ್ಪ ಒದ್ದೆ. ಐವತ್ತು ವರ್ಷ ಅಡುಗೆ ಮಾಡಿದ ಕೈ ಅಲ್ವಾ, ಬಿಸಿ ಎಷ್ಟು ಅಂತ ಮುಟ್ಟಿದರೆ ಗೊತ್ತಾಗುತ್ತದೆ ಅಂತ ನಂಬಿದ್ದೆ. ಚಮಚ ಮಧ್ಯಕ್ಕೆ ಹಾಕಿ ಅಗೆದು ತೆಗೆದೆ, ಒಂದು ಸಲ ಊದಿದೆ, ಅವನ ಬಾಯಿಗೆ ಇಟ್ಟೆ.

ಅವನು ಮೊದಲು ಅಳಲೇ ಇಲ್ಲ. ನನ್ನ ಮುಖ ನೋಡಿದ. ಆ ನೋಟ ನನಗೆ ಈಗಲೂ ಕಣ್ಣೆದುರಿಗೆ ಇದೆ ಮಗಾ. ಅಜ್ಜಿ ಕೊಟ್ಟದ್ದು ಹೀಗೆ ಹೇಗೆ ಆಯಿತು ಅಂತ ಕೇಳಿದ ಹಾಗೆ. ಆಮೇಲೆ ಬೊಬ್ಬೆ. ಬೆಲ್ಲದ ತುಂಡು ಒಳಗೆ ಕರಗಿ ಪಾಕ ಆಗಿತ್ತು, ಅದು ಅಂಗುಳಕ್ಕೆ ಅಂಟಿಕೊಂಡಿತ್ತು. ಉಗುಳು ಉಗುಳು ಅಂತೇನೆ, ಅವನಿಗೆ ಉಗುಳಲು ಬರುವುದಿಲ್ಲ, ಅಂಟು. ಚಮಚದಿಂದ ಕೆಳಗೆ ನೂಲಿನ ಹಾಗೆ ಕಂದು ಎಳೆ ಇಳಿಯುತ್ತಾ ಇತ್ತು. ನಾನು ಗಾಬರಿಯಲ್ಲಿ ತುಪ್ಪ ಹಚ್ಚಿದೆ. ಮೇಲಿನ ಹಲ್ಲಿನ ಹಿಂದೆ ಬಿಳಿ ಗುಳ್ಳೆ ಎದ್ದಿತು, ಒಂದು ತೊಗರಿಬೇಳೆಯಷ್ಟು. ಮಳೆಯಲ್ಲಿ ರಿಕ್ಷಾ ಸಿಗಲು ಅರ್ಧ ಗಂಟೆ. ಬದಿಯಡ್ಕಕ್ಕೆ ಕರೆದುಕೊಂಡು ಹೋದೆವು. ಡಾಕ್ಟ್ರು ಒಳ್ಳೆಯವರು, ನನ್ನ ಮೇಲೆ ರೇಗಲಿಲ್ಲ. ತುಪ್ಪ ಹಚ್ಚಬಾರದು ಅಜ್ಜಿ, ಕೂಡಲೇ ತಣ್ಣೀರು ಬಾಯಿಗೆ ಹಾಕಿ ಮುಕ್ಕಳಿಸಿ ಉಗುಳಿಸಬೇಕಿತ್ತು, ಮತ್ತೆ ಮತ್ತೆ, ಅಂದರು. ಗುಳ್ಳೆ ವಾರದಲ್ಲಿ ಮಾಯಿತು. ಆದರೆ ಆ ಮಗು ಆರು ತಿಂಗಳು ಬಾಳೆಹಣ್ಣು ತಿನ್ನಲಿಲ್ಲ. ತೋರಿಸಿದರೆ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಇದು ಹೇಗಾಗುತ್ತದೆ ಅಂತ ಆಮೇಲೆ ಪೂನಾದ ಭಾವ ನನಗೆ ಬಿಡಿಸಿ ಹೇಳಿದರು, ಇಂಜಿನಿಯರ್ ಅಲ್ವಾ. ಒಲೆಯಲ್ಲಿ ಪಾತ್ರೆ ಮೊದಲು ಕಾಯುತ್ತದೆ, ಆಮೇಲೆ ಹಿಟ್ಟು. ಹೊರಗೆ ಜಾಸ್ತಿ ಬಿಸಿ, ಒಳಗೆ ಕಡಿಮೆ. ನಮ್ಮ ಕೈಗೆ ಗೊತ್ತಿರುವುದು ಈ ಲೆಕ್ಕ. ಮೈಕ್ರೋವೇವಿನಲ್ಲಿ ಹಿಟ್ಟಿನಲ್ಲಿ ಇರುವ ನೀರೇ ಕಾಯುತ್ತದೆ. ಪೆಟ್ಟಿಗೆಯ ಒಳಗಿನ ಗಾಳಿ ಬಿಸಿ ಇರುವುದಿಲ್ಲ. ಅದಕ್ಕೆ ಮೇಲ್ಭಾಗ ಆರುತ್ತದೆ, ಒಳಗೆ ನೀರು ಕುದಿಯುವ ಬಿಸಿ ಹಾಗೇ ಕೂತಿರುತ್ತದೆ. ಕಪ್ಪಿನ ಹಿಡಿ ತಣ್ಣಗಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಬೆಲ್ಲದ ಪಾಕ ಇನ್ನೂ ಕಷ್ಟ. ನೀರು ನೂರು ಡಿಗ್ರಿಗೆ ಕುದಿಯುತ್ತದೆ, ಪಾಕ ಅದಕ್ಕಿಂತ ಮೇಲೆ ಏರುತ್ತದೆ. ಹಲಸಿನ ಹಣ್ಣಿನ ಪಾಯಸಕ್ಕೆ ಬೆಲ್ಲ ಕಾಸುವಾಗ ಕೈಗೆ ಸಿಡಿದವರಿಗೆ ಅದರ ಉರಿ ಗೊತ್ತು.

ಇದೆಲ್ಲ ಆ ಯಂತ್ರದ ಪುಸ್ತಕದಲ್ಲೇ ಇತ್ತು, ಗೊತ್ತಾ? ನನಗೆ ಹೊಟ್ಟೆ ಉರಿಯುವುದು ಅದಕ್ಕೆ. ಸಣ್ಣವನಿಗೆ ಹಾಗೆ ಆದ ಮೇಲೆ ಪಕ್ಕದ ಮನೆಯ ಕಾಲೇಜಿನ ಹುಡುಗಿಯನ್ನು ಕರೆದು ಓದಿಸಿದೆ. "ಹೊರಗೆ ತೆಗೆದ ಮೇಲೆ ಎರಡು ನಿಮಿಷ ಹಾಗೇ ಬಿಡಿ, ಮಧ್ಯಭಾಗ ತುಂಬ ಬಿಸಿ ಇರುತ್ತದೆ" ಅಂತ ಸ್ಪಷ್ಟ ಬರೆದಿದೆ. ಇಂಗ್ಲಿಷಿನಲ್ಲಿ ಇದೆ, ಹಿಂದಿಯಲ್ಲಿ ಇದೆ, ಮಲಯಾಳದಲ್ಲಿ ಇದೆ. ಕನ್ನಡದಲ್ಲಿ ಇಲ್ಲ. ನಾನು ಮಲಯಾಳ ಮಾತಾಡುತ್ತೇನೆ, ಪೇಟೆಯಲ್ಲಿ ವ್ಯಾಪಾರ ಮಾಡುತ್ತೇನೆ, ಯಾರ ಮೇಲೂ ನನಗೆ ದ್ವೇಷ ಇಲ್ಲ. ಓದಲು ಬರುವುದಿಲ್ಲ, ಅಷ್ಟೇ. ನಾನು ಏಳನೆಯವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. ಅಂಗಡಿಯವನನ್ನು ಕೇಳಿದೆ, ಕನ್ನಡದ ಪುಸ್ತಕ ಕೊಡಿ ಅಂತ. ಕಂಪನಿಯವರು ಕೇರಳಕ್ಕೆ ಕಳಿಸುವ ಪೆಟ್ಟಿಗೆಯಲ್ಲಿ ಕನ್ನಡ ಹಾಕುವುದಿಲ್ಲ ಅಮ್ಮಾ, ಮಂಗಳೂರಿನಲ್ಲಿ ಕೇಳಿ ಅಂದ. ಇಲ್ಲಿಂದ ಕರ್ನಾಟಕದ ಗಡಿ ಎಷ್ಟು ದೂರ? ಅಡ್ಯನಡ್ಕಕ್ಕೆ ಹೋದರೆ ಆಯಿತು. ಗೆರೆಯ ಆಚೆ ನನ್ನ ತವರುಮನೆಯವರಿಗೆ ಕನ್ನಡದಲ್ಲಿ ಸಿಗುತ್ತದೆ, ಗೆರೆಯ ಈಚೆ ನನಗೆ ಇಲ್ಲ.

1956ರಲ್ಲಿ ರಾಜ್ಯಗಳನ್ನು ವಿಂಗಡಿಸಿ, ನಮ್ಮ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಆ ಗೆರೆ ಎಳೆದಾಗ ನನಗೆ ಮೂರು ವರ್ಷ. ಅಪ್ಪ ಹೇಳುತ್ತಿದ್ದರು, ಇದು ಸರಿಯಾಗುತ್ತದೆ, ಸ್ವಲ್ಪ ಕಾಯಿರಿ ಅಂತ. 1967ರಲ್ಲಿ ಮಹಾಜನ ಆಯೋಗದ ವರದಿ ಬಂತು, ಗಡಿಯ ತಕರಾರು ನೋಡಲು ಕೇಂದ್ರ ಸರ್ಕಾರ ನೇಮಿಸಿದ್ದು. ಚಂದ್ರಗಿರಿ ಹೊಳೆಯ ಬಡಗು ಬದಿಯನ್ನು ಕರ್ನಾಟಕಕ್ಕೆ ಸೇರಿಸಬೇಕು ಅಂತ ಅದರಲ್ಲಿ ಇತ್ತು. ಆಗ ರಾಜ್ಯಕ್ಕೆ ಮೈಸೂರು ಅಂತಲೇ ಹೆಸರು. ಅಪ್ಪ ಅವತ್ತು ಪಾಯಸ ಮಾಡಿಸಿದ್ದು ನನಗೆ ನೆನಪಿದೆ. ಎಂತ ಆಯಿತು? ವರದಿ ವರದಿಯಾಗಿಯೇ ಉಳಿಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮ ಬದಿಯಡ್ಕದಲ್ಲೇ ಇದ್ದು ಅದಕ್ಕಾಗಿ ಹೋರಾಡಿದರು. ನೂರು ವರ್ಷ ಬದುಕಿ 2015ರಲ್ಲಿ ಹೋದರು. ಅವರ ಕಣ್ಣಿಗೂ ಅದು ಕಾಣಲಿಲ್ಲ. ಈಗ ನಾನು ರಾಜ್ಯ ಬದಲಿಸಿ ಅಂತ ಕೇಳುತ್ತಾ ಇಲ್ಲ. ಮಾತ್ರೆಯ ಚೀಟಿ, ಬಸ್ಸಿನ ಬೋರ್ಡು, ಅರ್ಜಿಯ ಫಾರಂ, ಇವು ನನಗೆ ಓದಲು ಬರುವ ಹಾಗೆ ಇರಲಿ. ಒಂದು ಸಾಲು ಕನ್ನಡದಲ್ಲಿ ಇದ್ದಿದ್ದರೆ ಆ ಮಗುವಿನ ಬಾಯಿ ಸುಡುತ್ತಿರಲಿಲ್ಲ. ನಿಮ್ಮಲ್ಲಿ ಯಾರಾದರೂ ಇಂಥ ಕಂಪನಿಗಳಲ್ಲಿ ಕೆಲಸಕ್ಕೆ ಇದ್ದರೆ ದಯವಿಟ್ಟು ಈ ಮಾತು ಎತ್ತಿ. ಗಡಿಯಲ್ಲಿ ಇರುವವರೂ ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇವೆ.

ಮಕ್ಕಳೇ, ಮತ್ತೊಮ್ಮೆ ಹೇಳುತ್ತೇನೆ, ಪುಟ್ಟಿ ಒಬ್ಬಳಿಗೇ ಅಲ್ಲ. ತೆಗೆದ ಕೂಡಲೇ ಬಾಯಿಗೆ ಇಡಬೇಡಿ. ಮೇಲೆ ಮುಟ್ಟಿ ನೋಡಿ ಮೋಸ ಹೋಗಬೇಡಿ. ಮಕ್ಕಳಿಗೆ ಕಪ್ಪಿನಿಂದ ಕೊಡಲೇಬೇಡಿ. ತಟ್ಟೆಗೆ ಕವುಚಿ, ನಾಲ್ಕು ತುಂಡು ಮಾಡಿ, ಹಬೆ ಹೋದ ಮೇಲೆ ಮೊದಲು ನೀವು ಮಧ್ಯದ ತುಂಡು ತಿಂದು ನೋಡಿ, ಆಮೇಲೆ ಕೊಡಿ.

ಅಯ್ಯೋ, ನೀನು ಕೇಳಿದ್ದು ಹಸಿ ಹಿಟ್ಟಿನ ವಿಷಯ ಅಲ್ವಾ ಪುಟ್ಟೀ. ಅದನ್ನು ಹೇಳದೆ ಎಲ್ಲೆಲ್ಲಿಗೋ ಹೋದೆ.

ಅದಕ್ಕೂ ಉತ್ತರ ಆ ಎರಡು ನಿಮಿಷವೇ. ಒಂದೂವರೆ ನಿಮಿಷಕ್ಕೆ ಮೇಲೆ ಒದ್ದೆ ಕಾಣುವುದು ಸರಿಯಾಗಿಯೇ ಇದೆ. ತೆಗೆದು ಮೇಲೆ ಒಂದು ತಟ್ಟೆ ಮುಚ್ಚಿ ಎರಡು ನಿಮಿಷ ಬಿಡು. ಒಳಗಿನ ಬಿಸಿ ಮೇಲೆ ಬಂದು ಆ ಒದ್ದೆಯನ್ನು ಬೇಯಿಸುತ್ತದೆ. ಇಡ್ಲಿ ಪಾತ್ರೆ ಇಳಿಸಿದ ಮೇಲೆ ಸ್ವಲ್ಪ ಹೊತ್ತು ಬಿಡುತ್ತೇವಲ್ಲ, ಹಾಗೆ. ಆಮೇಲೆ ಊದುಬತ್ತಿಯ ಕಡ್ಡಿಯಷ್ಟು ತೆಳು ಕಡ್ಡಿ ಚುಚ್ಚು. ಹಿಟ್ಟು ಅಂಟಿದರೆ ಮಾತ್ರ ಇನ್ನು ಹತ್ತು ಸೆಕೆಂಡು ಇಡು, ಮತ್ತೆ ನೋಡು. ಹಸಿ ಹಿಟ್ಟು ಹೊಟ್ಟೆಗೆ ಒಳ್ಳೆಯದಲ್ಲ ಅನ್ನುವ ನಿನ್ನ ಹೆದರಿಕೆ ಸರಿ, ಅದಕ್ಕೇ ಕಡ್ಡಿ. ನೀನು ಕೆಂಪಾಗಲಿ ಅಂತ ಕಾಯುತ್ತೀ ಅಂತ ನನಗೆ ಅನಿಸುತ್ತದೆ. ಅದರಲ್ಲಿ ಕೇಕ್ ಕೆಂಪಾಗುವುದೇ ಇಲ್ಲ ಮಗಾ. ನೀರು ಇರುವವರೆಗೆ ಹಿಟ್ಟಿನ ಬಿಸಿ ನೂರು ಡಿಗ್ರಿಯ ಸುತ್ತಲೇ ನಿಲ್ಲುತ್ತದೆ, ಕೆಂಪಾಗಲು ಅದು ಸಾಲದು. ಕಾಯುತ್ತಾ ಕೂತರೆ ನೀರೆಲ್ಲ ಹಾರಿ ರಬ್ಬರ್ ಆಗುತ್ತದೆ.

ನನ್ನ ಅಳತೆ ಕೇಳು, ಮೊಟ್ಟೆ ಇಲ್ಲದ್ದು. ಸಿಪ್ಪೆ ಕಪ್ಪು ಚುಕ್ಕೆ ಆದ ಬಾಳೆಹಣ್ಣು, ಸಣ್ಣದಾದರೆ ಎರಡು, ದೊಡ್ಡದಾದರೆ ಅರ್ಧ. ಕಪ್ಪಿನಲ್ಲೇ ಫೋರ್ಕಿನಲ್ಲಿ ಚೆನ್ನಾಗಿ ಹಿಸುಕು. ಬೆಲ್ಲ ಪುಡಿ ಮಾಡಿದ್ದು ಒಂದು ದೊಡ್ಡ ಚಮಚ, ಅದೇ ಹಣ್ಣಿನಲ್ಲಿ ಪೂರ್ತಿ ಕರಗುವವರೆಗೆ ಕಲಸು. ತುಂಡು ಬೇಡ. ಹಾಲು ಎರಡು ದೊಡ್ಡ ಚಮಚ, ಎಣ್ಣೆ ಅಥವಾ ತುಪ್ಪ ಒಂದು, ಗೋಧಿಹಿಟ್ಟು ಅಥವಾ ಮೈದಾ ನಾಲ್ಕು. ಬೇಕಿಂಗ್ ಪೌಡರ್ ಕಾಲು ಸಣ್ಣ ಚಮಚ, ಚಿಟಿಕೆ ಉಪ್ಪು, ಒಂದು ಏಲಕ್ಕಿ. ಹಿಟ್ಟು ಹಾಕಿದ ಮೇಲೆ ತಿರುಗಿಸುತ್ತಲೇ ಇರಬೇಡ, ಒಣ ಹಿಟ್ಟು ಕಾಣದ ಹಾಗೆ ಆದರೆ ಸಾಕು, ಜಾಸ್ತಿ ಕಲಸಿದರೂ ಜಿಗುಟು. ಅಡಿಗೆ ಸೋಡ ಮಾತ್ರ ಇದ್ದರೆ ಅದು ಚಿಟಿಕೆ ಸಾಕು, ಹಾಲಿನ ಬದಲು ಹುಳಿ ಮೊಸರು ಹಾಕು.

ಕಪ್ ಅರ್ಧಕ್ಕಿಂತ ಕೆಳಗೆ ಇರಲಿ, ಇಲ್ಲದಿದ್ದರೆ ಉಕ್ಕಿ ಚೆಲ್ಲುತ್ತದೆ. ಸ್ಟೀಲ್ ಬೇಡ, ಚಿನ್ನದ ಗೆರೆ ಇರುವ ಪಿಂಗಾಣಿಯೂ ಬೇಡ, ಕಿಡಿ ಹಾರುತ್ತದೆ. ನಿನ್ನದು 800 ವಾಟ್ ಅಂತ ಬರೆದಿದ್ದೀ. ಒಂದು ನಿಮಿಷ ಇಪ್ಪತ್ತು ಸೆಕೆಂಡಿಗೆ ನಿಲ್ಲಿಸಿ ನೋಡು. ನನ್ನಲ್ಲಿ ಸಂಜೆ ವೋಲ್ಟೇಜ್ ಇಳಿದಾಗ ಅದೇ ಕಪ್ಪಿಗೆ ಎರಡು ನಿಮಿಷ ಬೇಕು, ಹಾಗಾಗಿ ನನ್ನ ನಿಮಿಷ ನಿನಗೆ ಆಗುವುದಿಲ್ಲ, ನಿನ್ನದು ಬೆಂಗಳೂರಿನ ಅಕ್ಕನಿಗೆ ಆಗುವುದಿಲ್ಲ. ಕಡ್ಡಿ ನೋಡಿಯೇ ತಿಳಿಯಬೇಕು.

ಸಣ್ಣವ ಈ ಸಲ ರಜೆಗೆ ಬಂದಾಗ ತಾನೇ ಕೇಳಿ ಮಾಡಿಸಿಕೊಂಡ. ಮಣೆಯ ಮೇಲೆ ನಿಂತು ಗಟ್ಟಿಯಾಗಿ ನೂರ ಇಪ್ಪತ್ತರವರೆಗೆ ಎಣಿಸಿದ, ಆಮೇಲೆ ತಟ್ಟೆ ಎತ್ತಿದ. ನಿನ್ನ ಮಗಳಿಗೂ ಎಣಿಸಲು ಕಲಿಸು. ಇವತ್ತು ಮಾಡಿದರೆ ಫೋಟೋ ಹಾಕು ಪುಟ್ಟೀ, ಮೇಲಿನದ್ದಲ್ಲ, ತುಂಡು ಮಾಡಿ ಒಳಗಿನದ್ದು ತೋರಿಸು.