ಸೈಕಲ್ ಚಕ್ರದ ಕಡ್ಡಿಯನ್ನು ‘ಅರ’ ಎನ್ನಬಹುದೇ?

ಮಿತ್ರರೇ,

ರೈಟ್ ಸಹೋದರರ ಬಗ್ಗೆ ಒಂದು ಲೇಖನ ಬರೆಯುತ್ತಾ ‘ಸ್ಪೋಕ್’ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ನಿಘಂಟು ‘ಅರ’ ಎನ್ನುತ್ತದೆ, ನಮ್ಮ ಬೀದಿಯ ಸೈಕಲ್ ರಿಪೇರಿಯವರು ‘ಕಡ್ಡಿ’ ಎನ್ನುತ್ತಾರೆ. ನನಗೆ ಎರಡೂ ಒಗ್ಗುತ್ತಿಲ್ಲ.

ಎತ್ತಿನ ಗಾಡಿಯ ಅರ ದಪ್ಪ ಮರದ್ದು. ಅಚ್ಚಿನ ಭಾರ ಕೆಳಗಿನ ಅರದ ಮೇಲೆ ಕೂರುತ್ತದೆ, ಅದು ಕಂಬದಂತೆ ಹೊರುತ್ತದೆ. ಸೈಕಲ್ಲಿನ ಕಡ್ಡಿ ಒತ್ತಿದರೆ ಬಳುಕುವಂಥದ್ದು. ರಿಮ್ಮನ್ನೂ ನಡುವಿನ ಹಬ್ಬನ್ನೂ ಪರಸ್ಪರ ಎಳೆದು ಹಿಡಿಯುವುದಷ್ಟೇ ಅದಕ್ಕೆ ಗೊತ್ತು. ಬೆಂಡು ತೆಗೆಯುವಾಗ ನಮ್ಮ ರಿಪೇರಿಯವರು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ದನಿ ಮಂಕಾದದ್ದರ ನಿಪ್ಪಲ್ (ರಿಮ್ಮಿನ ಬಳಿ ಕಡ್ಡಿಯನ್ನು ಬಿಗಿಯುವ ಪುಟ್ಟ ನಟ್ಟು) ತಿರುಗಿಸುತ್ತಾರೆ. ನನಗೆ ವೀಣೆಯ ಬಿರಡೆ ನೆನಪಾಗುತ್ತದೆ.

ಲೇಖನಕ್ಕೆ ಈ ಭೇದ ಬೇಕೇ ಬೇಕು. ಇಂಥ ಚಕ್ರವನ್ನು 1808ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ ಯೋಚಿಸಿದ್ದೇ ಹಾರುವ ಯಂತ್ರಕ್ಕಾಗಿ. ಹಗುರವಾಗಲೆಂದು ಮರದ ಅರಗಳನ್ನು ಬಿಟ್ಟು ಬಿಗಿದ ಹುರಿಗಳನ್ನು ಇಟ್ಟ. ಸೈಕಲ್ಲು ಬಂದದ್ದು ಆಮೇಲೆ! ಅಮೆರಿಕದ ಡೇಟನ್ನಿನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರಿಗೆ ಕಡ್ಡಿ ಬಿಗಿಯುವುದು ದಿನದ ಕೆಲಸ. ಅವರ 1903ರ ವಿಮಾನದಲ್ಲೂ ಮೇಲಿನ ಕೆಳಗಿನ ರೆಕ್ಕೆಗಳ ನಡುವೆ ಮರದ ಗೂಟಗಳು ಒತ್ತಡ ತಡೆದರೆ, ಓರೆಯಾಗಿ ಬಿಗಿದ ತಂತಿಗಳು ಎಳೆತ ತಡೆಯುತ್ತಿದ್ದವು. ಇದನ್ನು ಪೂರ್ತಿಯಾಗಿ ಸೈಕಲ್ಲಿನ ಖಾತೆಗೆ ಬರೆಯಲಾಗದು ಅನ್ನಿ; ಆ ಕಟ್ಟು ಸೇತುವೆಗಳ ಎಂಜಿನಿಯರ್ ಆಕ್ಟೇವ್ ಶನೂಟರ 1896ರ ಗ್ಲೈಡರಿನಿಂದ ಬಂದದ್ದು.

ಹಾಗಾಗಿ ಚಕ್ರದ ಕಡ್ಡಿಗೂ ರೆಕ್ಕೆಯ ತಂತಿಗೂ ನಂಟು ತೋರುವ ಪದಗಳು ಬೇಕು. ‘ಎಳೆಗಡ್ಡಿ’ ಎಂದು ಬರೆದು ನೋಡಿದೆ. ಎಳೆಗರು, ಎಳೆಬಿಸಿಲುಗಳ ಸಾಲಿಗೆ ಸೇರಿ ಎಳಸು ಕಡ್ಡಿಯಾಯಿತು. ‘ಬಿಗಿಗಡ್ಡಿ’, ‘ಬಿಗಿತಂತಿ’ ಎಂದರೆ ಹೇಗೆ? ನಿಮ್ಮ ಊರಿನ ಸೈಕಲ್ ಅಂಗಡಿಯಲ್ಲಿ ‘ಕಡ್ಡಿ’ಯಲ್ಲದೆ ಬೇರೆ ಮಾತು ಇದೆಯೇ?

ಇನ್ನೊಂದು. ಆ ವಿಮಾನದ ಎಂಜಿನ್ನಿನಿಂದ ಎರಡು ಪ್ರೊಪೆಲ್ಲರುಗಳಿಗೆ ಸೈಕಲ್ಲಿನಂತೆಯೇ ಚೈನು ಹಾಕಿದ್ದರು. ಎರಡೂ ಎದುರು ದಿಕ್ಕಿಗೆ ತಿರುಗಲೆಂದು ಒಂದು ಚೈನನ್ನು 8ರ ಆಕಾರದಲ್ಲಿ (ಕನ್ನಡದ ಎಂಟಲ್ಲ, ಇಂಗ್ಲಿಷಿನದು) ಅಡ್ಡಹಾಯಿಸಿದ್ದರು. ಹಳೆಯ ಗಿರಣಿಗಳಲ್ಲಿ ಬೆಲ್ಟನ್ನು ಹೀಗೆ ಹಾಕಿದ್ದನ್ನು ಕಂಡವರಿದ್ದರೆ, ಅಲ್ಲಿಯವರು ಅದನ್ನು ಏನೆನ್ನುತ್ತಿದ್ದರು ಎಂದು ತಿಳಿಸಿ.