ಓದುಗರ ಸ್ಪಂದನ: ‘ಬಿಟ್ಟು ಬಂದವರು ಮತ್ತೆ ಕುಡಿಯುತ್ತಿದ್ದಾರೆ, ಏನು ಮಾಡಲಿ?’

ಕಳೆದ ಸಂಚಿಕೆಯಲ್ಲಿ ಹಾಸನ ಜಿಲ್ಲೆಯ ಓದುಗಿಯೊಬ್ಬರು ಹೀಗೆ ಬರೆದಿದ್ದರು: ‘ನನ್ನ ಗಂಡ ಲಾರಿ ಮೆಕ್ಯಾನಿಕ್. ತುಂಬಾ ವರ್ಷದಿಂದ ಕುಡಿತ. ಸಾಲ ಮಾಡಿ ಡಿ-ಅಡಿಕ್ಷನ್ ಸೆಂಟರ್‌ಗೆ ಸೇರಿಸಿದೆ. ವಾಪಸ್ ಬಂದ ಮೇಲೆ ಎರಡು ತಿಂಗಳು ಚೆನ್ನಾಗಿದ್ದರು. ನಾದಿನಿ ಮದುವೆಯಲ್ಲಿ ನೆಂಟರು, ಒಂದು ಪೆಗ್‌ಗೆ ಏನಾಗುತ್ತೆ ಅಂತ ಕುಡಿಸಿದರು. ಈಗ ಮತ್ತೆ ದಿನಾ. ನನ್ನ ಬಾಯಿಯೇ ಇದಕ್ಕೆ ಕಾರಣ ಅಂತ ಅತ್ತೆ ಅನ್ನುತ್ತಾರೆ. ತವರಿಗೂ ಹೇಳಿಲ್ಲ, ಎಲ್ಲ ಮುಚ್ಚಿಟ್ಟಿದ್ದೇನೆ. ಸಾರಿನಲ್ಲಿ ಗೊತ್ತಾಗದ ಹಾಗೆ ಮಾತ್ರೆ ಬೆರೆಸಿದರೆ ಬಿಡುತ್ತಾರೆ ಅಂತ ಒಬ್ಬರು ಹೇಳಿದರು. ಮಾಡಲೇ?’

ಇದಕ್ಕೆ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಮಾತ್ರೆ ಬೆರೆಸಬೇಡಿ

ದಯವಿಟ್ಟು ಆ ಕೆಲಸ ಮಾಡಬೇಡಿ. ನಿಮಗೆ ಒಬ್ಬರು ಹೇಳಿದ್ದು, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಇರಬೇಕು. ಅದು ಒಳಗಿರುವಾಗ ಕುಡಿದರೆ ಮುಖ ಕೆಂಪಗಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿಯಬಹುದು. ಹೃದಯದ ತೊಂದರೆ ಇದ್ದವರಿಗೆ ಪ್ರಾಣಕ್ಕೇ ಕುತ್ತು. ಮಾತ್ರೆ ನಿಲ್ಲಿಸಿ ಎರಡು ವಾರವಾದರೂ ಇದರ ಪರಿಣಾಮ ಉಳಿದಿರಬಹುದು. ಏನು ತಿಂದಿದ್ದೇನೆ ಅಂತಲೇ ಗೊತ್ತಿಲ್ಲದ ಮನುಷ್ಯನನ್ನು ಆ ಸ್ಥಿತಿಗೆ ದೂಡಬಾರದು. ನಾಳೆ ವಿಷಯ ಗೊತ್ತಾದರೆ ನೀವು ಬಡಿಸಿದ ಅನ್ನವನ್ನೂ ಅವರು ನಂಬುವುದಿಲ್ಲ.

ಆದರೆ ಇದೇ ಮಾತ್ರೆ, ಅವರೇ ಒಪ್ಪಿ, ಲಿವರ್ ಟೆಸ್ಟ್ ಮಾಡಿಸಿ, ಡಾಕ್ಟರ್ ಬರೆದುಕೊಟ್ಟರೆ ಒಳ್ಳೆಯದೇ. ಮನೆಯವರ ಎದುರು ನುಂಗಿದರೆ ಅದರ ಉಪಯೋಗ ಇನ್ನೂ ಜಾಸ್ತಿ. ನಮ್ಮ ವಾರ್ಡಿಗೆ ಬರುತ್ತಿದ್ದ ಒಬ್ಬರು ಬೆಳಿಗ್ಗೆ ಹಲ್ಲುಜ್ಜಿ ಬಂದು, ಹೆಂಡತಿಯ ಮುಂದೆ ನಿಂತು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಆಕೆ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಒಂದು ಗೀಟು ಎಳೆಯುತ್ತಿದ್ದರು. ಅಷ್ಟೇ. ಆಮೇಲೆ ಆಕೆ ದಿನವಿಡೀ ಜೇಬು ತಡಕುವಂತಿಲ್ಲ, ಬಾಯಿ ಮೂಸುವಂತಿಲ್ಲ. ಡಾಕ್ಟರ ಮುಂದೆ ಕೂತು ಇಬ್ಬರೂ ಮಾಡಿಕೊಂಡ ಒಪ್ಪಂದ ಅದು. ಕುಡಿಯಬೇಕೆಂಬ ತವಕ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಬೇರೆ ಔಷಧಿಗಳೂ ಇವೆ, ಕೇಳಿ ನೋಡಿ.

ಇನ್ನೊಂದು ಮಾತು. ದಿನಾ ಜಾಸ್ತಿ ಕುಡಿಯುವವರನ್ನು ರೂಮಿನಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಮೂರನೇ ನಾಲ್ಕನೇ ದಿನ ಇಲ್ಲದ್ದೆಲ್ಲ ಕಾಣಿಸಿ ಬಡಬಡಿಸಲು ಶುರು ಮಾಡಬಹುದು. ಇದಕ್ಕೆ ಆಸ್ಪತ್ರೆಯೇ ಬೇಕು.

– ನಿವೃತ್ತ ಶುಶ್ರೂಷಕಿ, ದಾವಣಗೆರೆ

ಸಂಜೆ ಆರೂವರೆಗೆ ಯಾರಿದ್ದಾರೆ?

ತಂಗಿ, ನಾನೂ ಕುಡಿಯುತ್ತಿದ್ದವನೇ. ಈಗ ಬಿಟ್ಟು ಬಹಳ ವರ್ಷಗಳಾದವು. ನಿಮ್ಮ ಪತ್ರ ಓದಿದಾಗ ‘ಮತ್ತೆ ಕುಡಿದರು’ ಅನ್ನುವುದಕ್ಕಿಂತ ‘ಎರಡು ತಿಂಗಳು ಚೆನ್ನಾಗಿದ್ದರು’ ಅನ್ನುವುದು ನನ್ನ ಕಣ್ಣಿಗೆ ಬಿತ್ತು. ಬಿಡುವ ಶಕ್ತಿ ಅವರಿಗಿದೆ. ಸಾಲ ಮಾಡಿದ ದುಡ್ಡು ಹಾಳಾಗಿಲ್ಲ.

ಸೆಂಟರಿನಲ್ಲಿ ಮೈಯಿಂದ ಮದ್ಯ ಇಳಿಸಿ ಕಳಿಸುತ್ತಾರೆ. ಮನೆಗೆ ಬಂದ ಮೇಲೆ ಅದೇ ಶೆಡ್ಡು, ಅದೇ ಗೆಳೆಯರು, ಅದೇ ಸಂಜೆ. ನಮ್ಮಂಥವರಿಗೆ ಕಷ್ಟದ ಹೊತ್ತು ನಾಲ್ಕು: ಹಸಿವಾದಾಗ, ಸಿಟ್ಟು ಬಂದಾಗ, ಒಂಟಿಯಾದಾಗ, ದಣಿದಾಗ. ಕೆಲಸ ಬಿಡುವ ಹೊತ್ತಿಗೆ ಈ ನಾಲ್ಕೂ ಒಟ್ಟಿಗೇ ಇರುತ್ತವೆ. ಅವರನ್ನು ಆ ಹೊತ್ತಿನಲ್ಲಿ ಬಾರಿಗೆ ಕರೆಯಲು ಹತ್ತು ಜನ ಇದ್ದಾರೆ. ಬೇರೆ ಕಡೆ ಕರೆಯಲು ಯಾರಿದ್ದಾರೆ, ಹೇಳಿ?

ಕುಡಿತ ಬಿಡಲು ಒಬ್ಬರಿಗೊಬ್ಬರು ಜೊತೆಯಾಗುವವರ ಕೂಟ ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ಹುಟ್ಟಿದ್ದೂ ಇಂಥದ್ದೇ ಒಂದು ಸಂಜೆಯಿಂದ. 1935ರಲ್ಲಿ ಬಿಲ್ ವಿಲ್ಸನ್ ಅನ್ನುವವರು ವ್ಯವಹಾರದ ಮೇಲೆ ಅಮೆರಿಕದ ಆಕ್ರಾನ್ ಊರಿಗೆ ಹೋಗಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತು. ಹೋಟೆಲಿನಲ್ಲೇ ಬಾರ್ ಇತ್ತು, ಕಾಲು ಎಳೆಯುತ್ತಿತ್ತು. ಅವರು ಫೋನ್ ಹತ್ತಿರ ಹೋಗಿ, ತನ್ನ ಹಾಗೇ ಕುಡಿತಕ್ಕೆ ಸಿಕ್ಕಿಕೊಂಡ ಇನ್ನೊಬ್ಬರ ಜೊತೆ ಮಾತಾಡಬೇಕು ಅಂತ ಊರಿನ ಚರ್ಚ್‌ನವರನ್ನು ವಿಚಾರಿಸಿದರು. ಹಾಗೆ ಸಿಕ್ಕವರು ಡಾ. ಬಾಬ್ ಸ್ಮಿತ್. ಒಬ್ಬ ಕುಡುಕನ ಕಷ್ಟ ಇನ್ನೊಬ್ಬನಿಗೆ ಅರ್ಥವಾದ ಹಾಗೆ ಬೇರೆ ಯಾರಿಗೂ ಆಗಲ್ಲ. ಇವತ್ತಿಗೂ ಎಎ ನಡೆಯುತ್ತಿರುವುದು ಇದರ ಮೇಲೆಯೇ. ಫೀಸ್ ಇಲ್ಲ, ಹಾಜರಿ ಪುಸ್ತಕ ಇಲ್ಲ, ಪೂರ್ತಿ ಹೆಸರು ಕೇಳಲ್ಲ. ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಕನ್ನಡದಲ್ಲೇ ನಡೆಯುವ ಮೀಟಿಂಗ್‌ಗಳಿವೆ.

ಇದು ಬರೀ ನಂಬಿಕೆಯ ಮಾತಲ್ಲ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಎಎ ಮತ್ತು ಅದಕ್ಕೆ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಪೂರ್ತಿ ಬಿಟ್ಟು ಉಳಿದವರು ಬೇರೆ ಚಿಕಿತ್ಸೆಗಳಿಗಿಂತ ಜಾಸ್ತಿ ಇದ್ದರು. ಎಲ್ಲರಿಗೂ ಎಎ ಹಿಡಿಸುತ್ತದೆ ಅಂತ ನಾನು ಹೇಳಲ್ಲ. ನನ್ನ ಗೆಳೆಯನೊಬ್ಬನಿಗೆ ವಾಲಿಬಾಲ್ ತಂಡವೇ ಆ ಕೆಲಸ ಮಾಡಿತು. ಏನಾದರೂ ಆಗಲಿ, ಕುಡಿಯದ ಒಂದೆರಡು ಜನ ಅವರ ಸಂಜೆಗೆ ಸಿಗಬೇಕು.

ನಿಮಗೂ ಜೊತೆ ಬೇಕು. ಬಿಲ್ ಅವರ ಹೆಂಡತಿ ಲೋಯಿಸ್ ಇನ್ನೊಬ್ಬರ ಜೊತೆ ಸೇರಿ 1951ರಲ್ಲಿ ಅಲ್-ಅನಾನ್ ಶುರು ಮಾಡಿದರು. ಅದು ಕುಡಿಯುವವರ ಮನೆಯವರಿಗೆ. ಗಂಡ ಬಿಡಲಿ ಬಿಡದಿರಲಿ, ನೀವು ಹೋಗಬಹುದು.

– ಎಎ ಸದಸ್ಯ, ಮೈಸೂರು

ಮುಚ್ಚಿಡಬೇಡಿ ಅಕ್ಕ

ನಮ್ಮ ಅಣ್ಣನದೂ ಇದೇ ಕತೆ. ಅತ್ತಿಗೆ ಎಷ್ಟೋ ಕಾಲ ಒಬ್ಬರೇ ಹೊತ್ತುಕೊಂಡಿದ್ದರು. ಅಣ್ಣ ಕೆಲಸಕ್ಕೆ ಹೋಗದ ದಿನ ಅಂಗಡಿ ಮಾಲೀಕರಿಗೆ ಫೋನ್ ಮಾಡಿ ‘ಜ್ವರ’ ಅನ್ನುವುದು, ಬಾರಿನ ಬಾಕಿ ತೀರಿಸುವುದು, ವಾಂತಿ ಬಳಿಯುವುದು, ಎಲ್ಲ ಅವರೇ. ಕೊನೆಗೆ ಒಂದು ಭಾನುವಾರ ನಮ್ಮನ್ನೆಲ್ಲ ಕೂರಿಸಿ ಹೇಳಿಬಿಟ್ಟರು. ಅವತ್ತು ಕೆಲಸ ಹಂಚಿಕೊಂಡೆವು. ನಮ್ಮ ಯಜಮಾನರು ಸಂಜೆ ಬೈಕಿನಲ್ಲಿ ಹೋಗಿ ಅಣ್ಣನನ್ನು ಅಂಗಡಿಯಿಂದ ಸೀದಾ ನಮ್ಮ ಮನೆಗೆ ಕರೆತರುವುದು. ಬಂದ ತಕ್ಷಣ ಹೊಟ್ಟೆಗೆ ಏನಾದರೂ, ಬೋಂಡ, ಮಂಡಕ್ಕಿ, ಟೀ. ಹಸಿದ ಹೊಟ್ಟೆಗೇ ಕುಡಿತ ನೆನಪಾಗುವುದು ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಚಿಕ್ಕಪ್ಪ ಸಂಬಳದ ಲೆಕ್ಕ ನೋಡುವುದು. ಫಾಲೋ-ಅಪ್‌ಗೆ ಜೊತೆಗೆ ಹೋಗುವುದು ನಾನು. ಅಮ್ಮನ ಕೆಲಸ ಒಂದೇ, ಸೊಸೆಯನ್ನು ದೂರದಿರುವುದು. ಅದೇ ಎಲ್ಲಕ್ಕಿಂತ ಕಷ್ಟವಾಗಿತ್ತು!

ನಿಮ್ಮ ಅತ್ತೆಯ ಮಾತು ಸರಿಯಲ್ಲ. ಯಾರ ಬಾಯಿಂದಲೂ ಯಾರೂ ಕುಡುಕರಾಗಲ್ಲ. ಇದು ಕಾಯಿಲೆ. ಸಾಧ್ಯವಾದರೆ ಅವರನ್ನೂ ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾವು ಹೇಳಿದರೆ ಕೇಳದವರು ಡಾಕ್ಟರ್ ಹೇಳಿದರೆ ಕೇಳುತ್ತಾರೆ.

ಗಂಡ ಬರಲ್ಲ ಅಂದರೂ ನೀವೇ ಮೊದಲು ಕೌನ್ಸೆಲರ್ ಹತ್ತಿರ ಹೋಗಬಹುದು. ಕ್ರಾಫ್ಟ್ ಅನ್ನುವ ವಿಧಾನದಲ್ಲಿ ಮನೆಯವರಿಗೇ ಕಲಿಸುತ್ತಾರೆ. ಕುಡಿಯದ ದಿನ ಅವರ ಜೊತೆ ಖುಷಿಯಾಗಿರುವುದು, ಕುಡಿದು ಬಂದಾಗ ಜಗಳವಾಡದೆ ಪಕ್ಕಕ್ಕೆ ಸರಿಯುವುದು, ಅವರ ತಪ್ಪಿಗೆ ನಾವು ಸುಳ್ಳು ಹೇಳದಿರುವುದು, ಚಿಕಿತ್ಸೆಯ ಮಾತು ಎತ್ತಲು ಸರಿಯಾದ ಹೊತ್ತು ನೋಡುವುದು. 1999ರ ಅಮೆರಿಕದ ಅಧ್ಯಯನವೊಂದರಲ್ಲಿ, ಚಿಕಿತ್ಸೆಯೇ ಬೇಡ ಎನ್ನುತ್ತಿದ್ದವರ ಮನೆಯವರಿಗೆ ಇದನ್ನು ಕಲಿಸಿದಾಗ 64% ಮಂದಿ ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಎದುರಿಗೆ ಕೂರಿಸಿ ಒತ್ತಾಯ ಮಾಡುವ ಕ್ರಮದಲ್ಲಿ ಬಂದವರು 30%. ಬೈದು, ಅತ್ತು, ಆಣೆ ಹಾಕಿಸಿ ನಾವು ಸವೆದುಹೋಗುವುದಕ್ಕಿಂತ ಇದು ಎಷ್ಟೋ ಮೇಲು.

ಅವರು ಕೈ ಮಾಡುತ್ತಿದ್ದರೆ ಮಾತ್ರ ಈ ತಾಳ್ಮೆಯ ಮಾತೆಲ್ಲ ಪಕ್ಕಕ್ಕಿಡಿ. ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿ. ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ.

– ಓದುಗಿ, ತಿಪಟೂರು

ಫೋನ್ ನಂಬರ್

ಯಾರಿಗೂ ಹೇಳಿಲ್ಲ ಅಂದಿದ್ದೀರಿ. ಹಾಗಿದ್ದರೆ ಮೊದಲು 14416ಕ್ಕೆ ಮಾತಾಡಿ. ಇದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನಕ್ಕೆ ಅಂತಲೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮತ್ತೆ ಸಾಲ ಮಾಡಬೇಡಿ, ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ.

– ವೈದ್ಯಕೀಯ ವಿದ್ಯಾರ್ಥಿ, ಬೆಂಗಳೂರು

ಊರಿನವರೂ ಸೇರಲಿ

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಎಂಟು ದಿನ ಅಲ್ಲೇ ಊಟ, ವಾಸ. ನಮ್ಮೂರಿನ ಶಿಬಿರದಲ್ಲಿ ನಾನು ಅಡುಗೆ ಕಡೆ ಓಡಾಡಿದ್ದೆ. ಮೊದಲ ದಿನ ಕೈ ನಡುಗಿ ಟೀ ಲೋಟ ಹಿಡಿಯಲಾಗದೆ ಎರಡೂ ಕೈಯಲ್ಲಿ ಎತ್ತಿ ಕುಡಿದವರು, ಕೊನೆಯ ದಿನ ತಾವೇ ಎಲೆ ಹಾಕಿ ಬಡಿಸಿದ್ದನ್ನು ನೋಡಿದ್ದೇನೆ. ನಿಮ್ಮವರಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಸೇರಿಸುವ ಮೊದಲೇ ಹೇಳಿ, ಆಸ್ಪತ್ರೆಗೆ ತೋರಿಸಿಕೊಂಡೇ ಬನ್ನಿ.

ನನ್ನ ಪ್ರಕಾರ ಶಿಬಿರಕ್ಕಿಂತ ಆಮೇಲಿನ ನವಜೀವನ ಸಮಿತಿಯೇ ಮುಖ್ಯ. ಬಿಟ್ಟವರೆಲ್ಲ ಸೇರಿ ಕೂತು ಮಾತಾಡುತ್ತಾರೆ. ಯಾರಾದರೂ ಬರದಿದ್ದರೆ ಇಬ್ಬರು ಅವರ ಮನೆಗೇ ಹೋಗಿ ಬಾಗಿಲು ತಟ್ಟುತ್ತಾರೆ. ಕುಡಿದಿದ್ದರೂ ಬೈಯಲ್ಲ, ನಾಳೆ ಬಾ ಅಂತ ಕರೆದು ಬರುತ್ತಾರೆ. ಮದುವೆ, ಜಾತ್ರೆ ಬಂದರೆ ಸಮಿತಿಯ ಒಬ್ಬರು ಜೊತೆಗೇ ಇರುತ್ತಾರೆ. ‘ಒಂದು ಪೆಗ್’ ಅಂತ ಬಂದವರಿಗೆ ಇವರೇ ಉತ್ತರ ಕೊಡುತ್ತಾರೆ. ನಿಮ್ಮ ತಾಲ್ಲೂಕಿನ ಯೋಜನಾ ಕಚೇರಿಯಲ್ಲಿ ಮುಂದಿನ ಶಿಬಿರ ಎಲ್ಲಿ ಅಂತ ಕೇಳಿ. ಹೋಗುವಾಗ ನಿಮ್ಮ ತವರಿನವರೊಬ್ಬರನ್ನು ಕರೆದುಕೊಂಡು ಹೋಗಿ.

– ಓದುಗ, ಬೆಳ್ತಂಗಡಿ