ಟ್ಯಾಕ್ರೋ, ಮೈಕೋ ತಗೊಳ್ಳುವವರು ಲಸಿಕೆ ಹಾಕಿಸಿಕೊಂಡು ಏನಾದರೂ ಪ್ರಯೋಜನ ಇದೆಯಾ?

ತಮ್ಮನ ಕಿಡ್ನಿ:

ನಮಸ್ಕಾರ. ತಮ್ಮ ಕೊಟ್ಟ ಕಿಡ್ನಿ ಹಾಕಿಸಿಕೊಂಡು ವರ್ಷ ದಾಟಿದೆ. ಕ್ರಿಯಾಟಿನಿನ್ (ಏರಿದರೆ ಕಿಡ್ನಿಗೆ ತೊಂದರೆ ಅಂತ ಹೇಳುವ ರಕ್ತಪರೀಕ್ಷೆ) 1.2ರ ಆಸುಪಾಸಿನಲ್ಲೇ ನಿಂತಿದೆ. ಮಾತ್ರೆಗಳು ಕಸಿಯಾದ ಎಲ್ಲರಿಗೂ ಇರುವಂಥವೇ, ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ಇಮ್ಯುನಿಟಿ ತಗ್ಗಿಸುವಂಥವು: ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್, ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ.

ಡಯಾಲಿಸಿಸ್ ನಡೆಯುತ್ತಿದ್ದಾಗ ಹೆಪಟೈಟಿಸ್ ಬಿ ಲಸಿಕೆ ಡಬಲ್ ಡೋಸ್ ಹಾಕಿದ್ದರು. ಆಗ ಟೈಟರ್ (ರಕ್ತದಲ್ಲಿನ ಆಂಟಿಬಾಡಿ ಮಟ್ಟ) ಚೆನ್ನಾಗಿಯೇ ಬಂದಿತ್ತು. ಹೋದ ವಾರ ಮತ್ತೆ ಮಾಡಿಸಿದರೆ 6. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ನಾನ್ ರಿಯಾಕ್ಟಿವ್'. ಅದನ್ನು ನೋಡಿ ಮನಸ್ಸು ಕುಗ್ಗಿತು. ಈಗ ಡಾಕ್ಟರು ಫ್ಲೂ, ನ್ಯುಮೋನಿಯಾ ಲಸಿಕೆಗಳನ್ನೂ ಬರೆದುಕೊಟ್ಟಿದ್ದಾರೆ.

ನಮ್ಮ ಭಾವ ನಗುತ್ತಾರೆ. "ಇಮ್ಯುನಿಟಿ ಇಳಿಸೋಕೆ ಮಾತ್ರೆ, ಏರಿಸೋಕೆ ಇಂಜೆಕ್ಷನ್. ಒಂದು ಕಾಲು ಬ್ರೇಕ್ ಮೇಲೆ, ಇನ್ನೊಂದು ಆಕ್ಸಿಲರೇಟರ್ ಮೇಲೆ" ಅಂತಾರೆ. ತಮಾಷೆಗೆ ಹೇಳಿದ್ದೇ ಆದರೂ ತಲೆಯಲ್ಲಿ ಕೂತುಬಿಟ್ಟಿದೆ. ಲಸಿಕೆ ಕೆಲಸ ಮಾಡದಿದ್ದರೆ ಸುಮ್ನೆ ಯಾಕೆ? ಕೆಲಸ ಮಾಡಿದರೆ, ಎಚ್ಚೆತ್ತ ಇಮ್ಯುನಿಟಿ ತಮ್ಮನ ಕಿಡ್ನಿ ಮೇಲೇ ಬೀಳಲ್ವಾ?

ಇನ್ನೊಂದು ಮಾತು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಲಸಿಕೆಗೆ ಮುಂಚೆ ಒಂದು ವಾರ, ಆಮೇಲೆ ಒಂದು ವಾರ ಮೈಕೋ ಬಿಟ್ಟಿದ್ದರಂತೆ. ಟೈಟರ್ ಜೋರಾಗಿ ಬಂತಂತೆ. ಯಾರಾದರೂ ಹೀಗೆ ಮಾಡಿದ್ದೀರಾ? ಡಾಕ್ಟರನ್ನು ಕೇಳೋಣ ಅಂತ ಚೀಟಿ ಬರೆದುಕೊಂಡೇ ಹೋಗುತ್ತೇನೆ. ಎದುರು ಕೂತ ಕೂಡಲೇ ಕ್ರಿಯಾಟಿನಿನ್ ಬಿಟ್ಟು ಬೇರೇನೂ ನೆನಪಿಗೆ ಬರಲ್ಲ.

ಎರಡನೇ ಇನಿಂಗ್ಸ್:

ನನ್ನದೂ ಕಿಡ್ನಿ, ತುಂಬಾ ಹಳೇದು. ನಾನಂತೂ ಲಸಿಕೆ ನಿಲ್ಲಿಸಿಬಿಟ್ಟಿದ್ದೇನೆ. ಕೊನೇ ಸಲ ಫ್ಲೂ ಲಸಿಕೆ ಹಾಕಿಸಿದಾಗ ಎರಡು ದಿನ ಜ್ವರ, ಮೈಕೈ ನೋವು. ಅದೇ ವಾರ ಕ್ರಿಯಾಟಿನಿನ್ 1.4ರಿಂದ 1.9ಕ್ಕೆ ಹಾರಿತು. ಆಮೇಲೆ ತಾನೇ ಇಳಿಯಿತು ಬಿಡಿ. ಆದರೆ ಆ ಭಯ ಇನ್ನೂ ಹೋಗಿಲ್ಲ. ಹಾಕಿಸಬೇಡಿ ಅಂತ ಹೇಳುತ್ತಿಲ್ಲ, ನನಗೆ ಆದದ್ದು ಇದು ಅಷ್ಟೇ.

ಲ್ಯಾಬ್ ಕೋಟು:

ನಾನು ಲಿವರ್ ಪಾರ್ಟಿ. ಕೆಲಸ ಲ್ಯಾಬಿನಲ್ಲಿ. ಬೇರೆಯವರ ಟೈಟರ್ ಮಿಷನ್ನಿಗೆ ಹಾಕೋದೂ ನಾನೇ, ನನ್ನದನ್ನು ಹಾಕೋದೂ ನಾನೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಆ ದಪ್ಪ ಅಕ್ಷರದ ವಿಷಯ. ಹೆಪಟೈಟಿಸ್ ಬಿ ಟೈಟರಿಗೆ ಮಿಷನ್ನಿನಲ್ಲಿ 10ಕ್ಕೆ ಒಂದು ಗೆರೆ ಹಾಕಿಟ್ಟಿರುತ್ತಾರೆ. 0 ಬಂದರೂ 'ನಾನ್ ರಿಯಾಕ್ಟಿವ್' ಅಂತಲೇ ಹೊಡೆಯುತ್ತೆ, ಗೆರೆಗೆ ಕೂದಲೆಳೆ ಕಡಿಮೆ ಇದ್ದರೂ ಅದನ್ನೇ ಹೊಡೆಯುತ್ತೆ. ಗಟ್ಟಿಮುಟ್ಟಾದವರಲ್ಲಿ ಒಮ್ಮೆ ಗೆರೆ ದಾಟಿ ಆಮೇಲೆ ಇಳಿದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ವೈರಸ್ ಬಂದರೆ ಹಳೇ ನೆನಪಿನ ಕಣಗಳು ಏಳುತ್ತವೆ ಎಂಬ ಭರವಸೆ ಇರುತ್ತೆ. ನಮ್ಮ ವಿಷಯದಲ್ಲಿ ಆ ಭರವಸೆ ಇಟ್ಟುಕೊಳ್ಳಲು ಆಗಲ್ಲ. ಅದಕ್ಕೇ 10ಕ್ಕಿಂತ ಇಳಿದರೆ ಬೂಸ್ಟರ್ ಕೊಡುವ ರೂಢಿ. ಅಂದರೆ ನಿಮ್ಮ 6 'ಬೂಸ್ಟರ್ ಬಗ್ಗೆ ಕೇಳು' ಅನ್ನುತ್ತಿದೆ. 'ನಿನಗೆ ಯಾವ ಲಸಿಕೆಯೂ ಹತ್ತಲ್ಲ' ಅನ್ನುತ್ತಿಲ್ಲ.

ಈಗ ನಿಮ್ಮ ಭಾವನ ಬ್ರೇಕಿನ ಮಾತು. ಅದರಲ್ಲಿ ಅರ್ಧ ನಿಜ ಇದೆ. ಲಸಿಕೆ ಬಿದ್ದಾಗ ರಕ್ತದ ಬಿಳಿ ಕಣಗಳಲ್ಲಿ ಟಿ ಕಣಗಳು ಕೂಗು ಹಾಕಬೇಕು, ಬಿ ಕಣಗಳು ಒಂದಕ್ಕೆ ಹತ್ತಾಗಿ ಬೆಳೆದು ಆಂಟಿಬಾಡಿ ಮಾಡಬೇಕು. ಟ್ಯಾಕ್ರೋ ಆ ಕೂಗನ್ನೇ ತಗ್ಗಿಸುತ್ತೆ. ಮೈಕೋ ಕಣಗಳು ಬೆಳೆಯುವುದನ್ನು ತಡೆಯುತ್ತೆ. ಲಸಿಕೆಗೆ ಜಾಸ್ತಿ ಪೆಟ್ಟು ಕೊಡುವುದು ಮೈಕೋನೇ. 2021ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಅಂಗ ಕಸಿಯಾದ 658 ಮಂದಿಯನ್ನು ಕೋವಿಡ್ ಎಂಆರ್‌ಎನ್‌ಎ ಲಸಿಕೆಯ ಎರಡು ಡೋಸ್ ಆದ ಮೇಲೆ ನೋಡಿದರು. ಆಂಟಿಬಾಡಿ ಕಂಡದ್ದು ನೂರಕ್ಕೆ 54 ಮಂದಿಯಲ್ಲಿ. ಮೈಕೋ ಜಾತಿಯ ಮಾತ್ರೆ ತಗೊಳ್ಳುತ್ತಿದ್ದವರಲ್ಲಿ 43, ತಗೊಳ್ಳದವರಲ್ಲಿ 82. ವ್ಯತ್ಯಾಸ ನೋಡಿ.

ಆದರೆ 43 ಸೊನ್ನೆ ಅಲ್ಲ. ಡೋಸ್ ಸೇರಿಸುತ್ತಾ ಹೋದರೆ ಅದು ಏರುತ್ತೆ ಕೂಡ. ಫ್ರಾನ್ಸಿನ ಟುಲೂಸ್‌ನಲ್ಲಿ 101 ಕಸಿ ರೋಗಿಗಳಿಗೆ ಮೂರನೇ ಡೋಸ್ ಕೊಟ್ಟರು. ಅದಕ್ಕೆ ಮೊದಲು ನೂರಕ್ಕೆ 40 ಮಂದಿಯಲ್ಲಿ ಆಂಟಿಬಾಡಿ ಇತ್ತು, ನಾಲ್ಕು ವಾರದ ನಂತರ 68 ಮಂದಿಯಲ್ಲಿ. ಆ ಗುಂಪಿನಲ್ಲಿ ಒಬ್ಬರಿಗೂ ರಿಜೆಕ್ಷನ್ (ಕಸಿಯಾದ ಅಂಗವನ್ನು ಮೈ ತಿರಸ್ಕರಿಸುವುದು) ಆಗಲಿಲ್ಲ. ನಿಮ್ಮ ಎರಡನೇ ಭಯಕ್ಕೆ ಉತ್ತರ ಅಲ್ಲೇ ಇದೆ. ಲಸಿಕೆ ಆದ ಮೇಲೆ ರಿಜೆಕ್ಷನ್ ಆದ ಬಿಡಿ ಬಿಡಿ ವರದಿಗಳು ಇವೆ, ಇಲ್ಲ ಅನ್ನಲ್ಲ. ದೊಡ್ಡ ಗುಂಪುಗಳನ್ನು ನೋಡಿದಾಗ ಲಸಿಕೆಯಿಂದ ರಿಜೆಕ್ಷನ್ ಜಾಸ್ತಿ ಆದದ್ದು ಕಂಡಿಲ್ಲ. ನಿಜವಾದ ಫ್ಲೂ ಬಂದು ಮಲಗಿದರೆ ಕಿಡ್ನಿಗೆ ಅದರ ಅಪಾಯವೇ ಹೆಚ್ಚು.

ಆಂಟಿಬಾಡಿ ಬಂದ ಮಾತ್ರಕ್ಕೆ ಗೆದ್ದೆವು ಅಂತಲೂ ಇಲ್ಲ. ಇಂಗ್ಲೆಂಡಿನ ಕಸಿ ರೋಗಿಗಳ ದಾಖಲೆ ಜಾಲಾಡಿದಾಗ, ಕೋವಿಡ್ ಲಸಿಕೆಯ ಎರಡು ಡೋಸ್ ಆದವರಿಗೂ ಸೋಂಕು ತಗಲುವುದು ಕಡಿಮೆಯಾಗಿರಲಿಲ್ಲ. ಸಾಯುವ ಅಪಾಯ ಮಾತ್ರ ನೂರಕ್ಕೆ ಸುಮಾರು 20ರಷ್ಟು ಇಳಿದಿತ್ತು. ಗಟ್ಟಿ ಆರೋಗ್ಯದವರಿಗೆ ಸಿಕ್ಕ ರಕ್ಷಣೆಗೆ ಹೋಲಿಸಿದರೆ ಇದು ಬಡಪಾಯಿ ಲೆಕ್ಕ. ಫ್ಲೂ ಲಸಿಕೆಯದೂ ಹೆಚ್ಚುಕಡಿಮೆ ಹೀಗೇ. ಹಾಕಿಸಿಕೊಂಡವರಿಗೆ ಫ್ಲೂ ಬಂದರೂ ನ್ಯುಮೋನಿಯಾಗೆ ತಿರುಗುವುದು, ಐಸಿಯು ಸೇರುವುದು ಕಡಿಮೆ. ನನಗೆ ಅಷ್ಟು ಸಾಕು. ನಾನು ಹಾಕಿಸ್ಕೋತೀನಿ, ಜನ ಕಿಕ್ಕಿರಿದ ಕಡೆ ಹೋದರೆ ಮಾಸ್ಕೂ ಹಾಕ್ಕೋತೀನಿ.

ಎಲ್ಲ ಲಸಿಕೆಯೂ ಸೋಲುತ್ತೆ ಅಂದ್ಕೋಬೇಡಿ. ಸರ್ಪಸುತ್ತಿನ ಹೊಸ ಲಸಿಕೆ ಶಿಂಗ್ರಿಕ್ಸ್ ಇದೆಯಲ್ಲ, ಕಿಡ್ನಿ ಕಸಿಯಾದವರಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ಅದು ಹತ್ತಿತು. ಇಮ್ಯುನಿಟಿಯನ್ನು ಜೋರಾಗಿ ಕೆಣಕುವ ಬೆರಕೆ ಅದರಲ್ಲಿದೆ. ಹಳೇ ಸರ್ಪಸುತ್ತಿನ ಲಸಿಕೆ ಜೀವಂತ ವೈರಸ್ಸಿನದು, ಅದರ ತಂಟೆಗೆ ಹೋಗಬಾರದು. ದಡಾರ, ಚಿಕನ್‌ಪಾಕ್ಸ್, ಯೆಲ್ಲೋ ಫೀವರ್, ಬಿಸಿಜಿ, ಪೋಲಿಯೋ ಹನಿ, ಮೂಗಿಗೆ ಬಿಡುವ ಫ್ಲೂ ಲಸಿಕೆ, ಇವೂ ಜೀವಂತ. ನಮಗೆ ಬೇಡ. ಇವನ್ನು ಹಾಕುವುದಿದ್ದರೆ ಕಸಿಗೆ ಕನಿಷ್ಠ ನಾಲ್ಕು ವಾರ ಮೊದಲೇ ಆಗಬೇಕಿತ್ತು.

ಮೈಕೋ ಬಿಡುವ ವಿಷಯಕ್ಕೆ ಬರೋಣ. ಇದನ್ನು ಓದಿದಾಗ ನನಗೆ ನಿಜವಾಗಿ ಕೋಪ ಬಂತು, ನಿಮ್ಮ ಮೇಲಲ್ಲ. ನೆದರ್‌ಲೆಂಡ್ಸ್‌ನಲ್ಲಿ ಥೇಟ್ ಇದನ್ನೇ ಪರೀಕ್ಷೆ ಮಾಡಿದ್ದಾರೆ: ಡೋಸಿನ ಹಿಂದೊಂದು ವಾರ, ಮುಂದೊಂದು ವಾರ ಮೈಕೋ ಬಂದ್. ಬಿಟ್ಟವರಿಗೂ ಬಿಡದವರಿಗೂ ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ಜರ್ಮನಿಯಲ್ಲಿ ಇನ್ನೂ ಉದ್ದಕ್ಕೆ, ಲಸಿಕೆಯ ನಂತರ ನಾಲ್ಕು ವಾರದವರೆಗೆ ನಿಲ್ಲಿಸಿ ನೋಡಿದರು. ಅಲ್ಲಿ ಆಂಟಿಬಾಡಿ ಬಂದವರು ಹೆಚ್ಚೇ. ಆದರೆ ಅವರು ರಿಜೆಕ್ಷನ್ ಅಪಾಯ ಕಡಿಮೆ ಇದ್ದವರನ್ನು ಆರಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಕಾದರು. ನಿಮ್ಮ ವಾಟ್ಸಾಪಿನವರಿಗೆ ಕಾದವರು ಯಾರು? ಅವರ ಟೈಟರ್ ಚೆನ್ನಾಗಿ ಬಂದದ್ದು ಮೈಕೋ ಬಿಟ್ಟಿದ್ದಕ್ಕೋ, ಬಿಡದಿದ್ದರೂ ಬರುತ್ತಿತ್ತೋ, ಅವರಿಗೇ ಗೊತ್ತಿರಲ್ಲ. ನಿಮಗಿನ್ನೂ ಒಂದು ವರ್ಷ. ಸ್ವಂತ ಬುದ್ಧಿಯಿಂದ ಒಂದು ಮಾತ್ರೆಯನ್ನೂ ಬಿಡಬೇಡಿ.

ಚೀಟಿಯಲ್ಲಿ ಇದನ್ನು ಬರೆದುಕೊಳ್ಳಿ: ಹೆಪಟೈಟಿಸ್ ಬಿ ಬೂಸ್ಟರ್ ಬೇಕಾ, ಎಷ್ಟು ಡೋಸು? ನ್ಯುಮೋನಿಯಾದ್ದು ಯಾವುದು? ಕಳೆದ ಆರು ತಿಂಗಳಲ್ಲಿ ರಿಟುಕ್ಸಿಮ್ಯಾಬ್ ಅಥವಾ ಎಟಿಜಿ (ಇಮ್ಯುನಿಟಿಯನ್ನು ಜೋರಾಗಿ ಕುಗ್ಗಿಸುವ ಔಷಧಗಳು) ಕೊಟ್ಟಿದ್ದರೆ ಅದನ್ನೂ ನೆನಪಿಸಿ, ಆಗ ಲಸಿಕೆ ಹತ್ತುವುದು ಇನ್ನೂ ಕಷ್ಟ. ಒಳಗೆ ಹೋಗಿ ಕೂತ ಕೂಡಲೇ ಚೀಟಿಯನ್ನೇ ಅವರ ಕೈಗೆ ಕೊಟ್ಟುಬಿಡಿ. ಬಾಯಿಗಿಂತ ಅದೇ ವಾಸಿ.

ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿದ್ದಾರಾ? ನಿಮ್ಮ ಭಾವನನ್ನೂ ಸೇರಿಸಿ ಕೇಳುತ್ತಿದ್ದೇನೆ. ನಮ್ಮ ಮೈ ಅರ್ಧಂಬರ್ಧ ಕಲಿಯುತ್ತೆ, ಅವರದು ಪೂರ್ತಿ ಕಲಿಯುತ್ತೆ. ಅವರು ಮನೆಗೆ ಸೋಂಕು ತರದಿದ್ದರೆ ಅದೇ ದೊಡ್ಡ ಉಪಕಾರ.

@ಎರಡನೇ ಇನಿಂಗ್ಸ್, ಸರ್, ಆ ಜ್ವರಕ್ಕೆ ಯಾವ ಮಾತ್ರೆ ತಗೊಂಡಿದ್ರಿ?

ತಮ್ಮನ ಕಿಡ್ನಿ:

ತುಂಬಾ ಥ್ಯಾಂಕ್ಸ್ ಮೇಡಂ. ಭಾವನಿಗೆ ಓದಿ ಹೇಳಿದೆ. ಬ್ರೇಕಿನ ಮಾತು ವಾಪಸ್ ತಗೊಂಡಿಲ್ಲ, ಆದರೆ ಫ್ಲೂ ಲಸಿಕೆಗೆ ಒಪ್ಪಿದ್ದಾರೆ.

ಇನ್ನೊಂದು ಅನುಮಾನ. ಮನೆಯಲ್ಲಿ ಚಿಕ್ಕ ಮಗಳಿದ್ದಾಳೆ. ಜೀವಂತ ವೈರಸ್ ಅಂದಿರಲ್ಲ, ಅವಳಿಗೆ ಹಾಕಿಸಿದರೆ ನನಗೆ ಅಂಟುತ್ತಾ? ಅವಳ ಲಸಿಕೆಗಳನ್ನೆಲ್ಲ ಮುಂದೂಡಬೇಕಾ?

ಲ್ಯಾಬ್ ಕೋಟು:

ಮುಂದೂಡಲೇಬೇಡಿ. ದಡಾರದ್ದು, ಚಿಕನ್‌ಪಾಕ್ಸ್‌ದು ಅವಳಿಗೆ ಆಗಲೇಬೇಕು. ನಿಜವಾದ ಚಿಕನ್‌ಪಾಕ್ಸ್ ಅವಳಿಂದ ನಿಮಗೆ ಬಂದರೆ ತಡೆಯೋದು ಕಷ್ಟ. ಆ ಲಸಿಕೆ ಆದ ಮೇಲೆ ಅವಳ ಮೈಮೇಲೆ ಗುಳ್ಳೆ ಎದ್ದರೆ ಮಾತ್ರ ಒಣಗುವವರೆಗೆ ಎತ್ತಿಕೊಳ್ಳಬೇಡಿ. ಪೋಲಿಯೋ ಹನಿ ಒಂದು ಬೇರೆ ಕಥೆ, ಆ ವೈರಸ್ ಮಗುವಿನ ಮಲದಲ್ಲಿ ವಾರಗಟ್ಟಲೆ ಬರುತ್ತೆ. ಮನೆಯಲ್ಲಿ ಕಸಿಯಾದವರು ಇದ್ದಾರೆ ಅಂತ ಮಕ್ಕಳ ಡಾಕ್ಟರಿಗೆ ಮೊದಲೇ ಹೇಳಿ, ಪೋಲಿಯೋ ಇಂಜೆಕ್ಷನ್ ಕೇಳಿ. ರೋಟಾವೈರಸ್ ಹನಿ ಹಾಕಿಸಿದ್ದರೆ ಕೆಲವು ವಾರ ಡೈಪರ್ ಕೆಲಸ ಬೇರೆಯವರಿಗೆ ಬಿಡಿ. ಅದೊಂದು ಲಾಭ ಅಂದ್ಕೊಳ್ಳಿ :)

ಎರಡನೇ ಇನಿಂಗ್ಸ್:

ಮೇಡಂ, ಹೆಸರು ನೆನಪಿಲ್ಲ. ಮೈಕೈ ನೋವಿಗೆ ಮನೆಯಲ್ಲಿ ಇದ್ದದ್ದು. ಡೈಕ್ಲೋಫೆನಾಕ್ ಇರಬೇಕು, ಮಗನ ಬೆನ್ನುನೋವಿಗೆ ತಂದಿದ್ದೆವು. ಎರಡು ದಿನ ತಗೊಂಡೆ. ಯಾಕೆ?

ಲ್ಯಾಬ್ ಕೋಟು:

ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಕಿಡ್ನಿಗೆ ರಕ್ತ ಹೋಗುವುದನ್ನು ಕಡಿಮೆ ಮಾಡುತ್ತೆ. ಟ್ಯಾಕ್ರೋ ಅದೇ ಕೆಲಸವನ್ನು ದಿನಾ ಮಾಡುತ್ತಿರುತ್ತೆ. ಎರಡೂ ಸೇರಿದರೆ ಕ್ರಿಯಾಟಿನಿನ್ ಏರುವುದಕ್ಕೆ ರಿಜೆಕ್ಷನ್ನೇ ಬೇಕಾಗಿಲ್ಲ. ನಿಮ್ಮದು ಅದೇ ಅಂತ ಇಲ್ಲಿ ಕೂತು ಹೇಳೋಕಾಗಲ್ಲ ಸರ್, ಆದರೆ ತಾನೇ ಇಳಿದಿದ್ದು ನೋಡಿದರೆ ನನಗೆ ಲಸಿಕೆಗಿಂತ ಆ ಮಾತ್ರೆ ಮೇಲೇ ಅನುಮಾನ. ನಿಮ್ಮ ಡಾಕ್ಟರ ಹತ್ತಿರ ಈ ಮಾತ್ರೆಯ ವಿಷಯ ಹೇಳಿ, ಆಮೇಲೆ ಫ್ಲೂ ಲಸಿಕೆ ಬಗ್ಗೆ ತೀರ್ಮಾನ ಮಾಡಿ. ಲಸಿಕೆ ನಂತರದ ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಜ್ವರ 100.4 ಮುಟ್ಟಿದರೆ ಲಸಿಕೆಯದೇ ಇರಬೇಕು ಅಂತ ಕೂರದೆ ಫೋನ್ ಮಾಡಿ.

ಎರಡನೇ ಇನಿಂಗ್ಸ್:

ಇದನ್ನು ನನಗೆ ಯಾರೂ ಕೇಳಿರಲೇ ಇಲ್ಲ. ಬರುವ ತಿಂಗಳು ಚೆಕಪ್ ಇದೆ, ಕೇಳುತ್ತೇನೆ.